ಎಲಿಮೆಂಟ್ ಹೋಗಿದೆ ಎಂಬ ತೀರ್ಪು

ಗೀಸರ್ ನೀರು ಕಾಯಿಸುತ್ತಿಲ್ಲ ಎಂದು ಹೇಳಿ ಕಳಿಸಿದರೆ ಬೆಂಗಳೂರಿನ ಎಷ್ಟೋ ರಿಪೇರಿಯವರು ಹೊಸ ಎಲಿಮೆಂಟನ್ನು ಚೀಲದಲ್ಲಿ ಇಟ್ಟುಕೊಂಡೇ ಬರುತ್ತಾರೆ. ಬಿಚ್ಚಿದೊಡನೆ ಬಿಳಿ ಚಕ್ಕೆಗಳು ಉದುರುತ್ತವೆ, ಮನೆಯವರೂ ನಂಬುತ್ತಾರೆ. ಬೋರ್‌ವೆಲ್ ನೀರು ಕಾಯಿಸುವ ಟ್ಯಾಂಕಿನಲ್ಲಿ ಉಪ್ಪು ಕಟ್ಟದೆ ಇನ್ನೇನು ಕಟ್ಟೀತು?

ಈ ರಿಪೇರಿಯಲ್ಲಿ ಇಲ್ಲದಿರುವುದು ವಿಚಾರಣೆ. ನೀರು ಪೂರ್ತಿ ತಣ್ಣಗೋ, ಉಗುರುಬೆಚ್ಚಗೋ ಎಂದು ಯಾರೂ ಕೇಳುವುದಿಲ್ಲ. 15 ಲೀಟರಿನ, 2 ಕಿಲೋವಾಟ್ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಹೆಚ್ಚೂಕಡಿಮೆ 20 ನಿಮಿಷ ಬೇಕು. ಐದೇ ನಿಮಿಷಕ್ಕೆ ಕೆಂಪು ದೀಪ ಆರಿದರೆ ಅನುಮಾನ ಥರ್ಮೋಸ್ಟಾಟ್ ಮೇಲೆ. ಅರ್ಧ ಗಂಟೆ ಉರಿದೂ ನೀರು ತಣ್ಣಗಿದ್ದರೆ ಎಲಿಮೆಂಟ್ ಮೇಲೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಶಾಖ ಶೇ. 60ರ ಆಸುಪಾಸಿಗೆ ಕುಸಿಯುತ್ತದೆ, ಆಗ ಯಾವ ಬಿಡಿಭಾಗದ್ದೂ ತಪ್ಪಿಲ್ಲ. ಗೀಸರ್‌ಗೆ ನೀರು ಹೋಗುವ ವಾಲ್ವ್ ಮುಚ್ಚಿ ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿ. ಸ್ವಲ್ಪ ಹೊತ್ತಾದರೂ ಹರಿವು ನಿಲ್ಲದಿದ್ದರೆ ಎಲ್ಲೋ ಒಂದು ಮಿಕ್ಸರ್ ತಣ್ಣೀರನ್ನು ಒಳಗೆ ಬಿಡುತ್ತಿದೆ. ದುಡ್ಡಿಲ್ಲದ ಈ ಪರೀಕ್ಷೆಯನ್ನು ಮಾಡಿ ತೋರಿಸುವವರು ಅಪರೂಪ.

ಉಪ್ಪಿನ ವಾದವೂ ಅರೆಸತ್ಯ. ಪದರ ದಪ್ಪವಾದರೂ ಎಲಿಮೆಂಟ್ ಎಳೆದ ಕರೆಂಟಿನ ಶಾಖ ತಡವಾಗಿಯಾದರೂ ನೀರಿಗೇ ಸೇರಬೇಕು. ಒಳಗೊಳಗೆ ವಿಪರೀತ ಕಾದು ಎಲಿಮೆಂಟ್ ಬೇಗ ಒಡೆಯುವುದು ನಿಜ. ಒಡೆದಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಇದೆ. ಮೇನ್ ಆಫ್ ಮಾಡಿ, ವೈರ್ ಬಿಚ್ಚಿ ಹಿಡಿದಾಗ 26 ಓಮ್ ಸುತ್ತಮುತ್ತ ತೋರಿಸಿದರೆ 2 ಕಿಲೋವಾಟಿನ ಕಾಯಿಲ್ ತುಂಡಾಗಿಲ್ಲ. ಜೊತೆಗೆ ಬಾಡಿಗೆ ಕರೆಂಟ್ ಸೋರುತ್ತಿಲ್ಲ ಎಂದೂ ನೋಡಿಕೊಂಡರೆ ಆ ಎಲಿಮೆಂಟನ್ನು ಕೆರೆದು, ಹೊಸ ಗ್ಯಾಸ್ಕೆಟ್ ಕೂರಿಸಿ ಮತ್ತೆ ಹಾಕಬಹುದು.

ರಿಪೇರಿಯವರನ್ನಷ್ಟೇ ದೂರಿ ಫಲವಿಲ್ಲ. ಅರ್ಧ ಗಂಟೆ ತಪಾಸಣೆ ಮಾಡಿ "ನಿಮ್ಮ ಮಿಕ್ಸರ್ ಕೆಟ್ಟಿದೆ" ಎಂದವನಿಗೆ ಇನ್ನೂರು ರೂಪಾಯಿ ಕೊಡಲು ಗೊಣಗುವ ನಾವು, ಹೊಸ ಸಾಮಾನು ಹಾಕಿದವನಿಗೆ ಸಾವಿರ ಕೊಡುತ್ತೇವೆ.

ಅನವಶ್ಯಕ ಎಲಿಮೆಂಟಿಗೆ ದುಡ್ಡು ಹೋದರೆ ಹೋಗಲಿ. ನನಗೆ ಕ್ಷಮಿಸಲಾಗದ್ದು ಕಟೌಟಿನ ವಿಷಯದ ಉಡಾಫೆ. ಥರ್ಮೋಸ್ಟಾಟ್ ಅಂಟಿಕೊಂಡು ನೀರು ಮಿತಿಮೀರಿ ಕಾದಾಗ ಹಾರುವುದು ಅದು. ಏಕೆ ಹಾರಿತೆಂದು ನೋಡದೆ ಗುಂಡಿ ಒತ್ತಿ ಹೊರಡುವವರಿದ್ದಾರೆ, ಅದನ್ನು ತಪ್ಪಿಸಿ ನೇರ ವೈರ್ ಕೊಡುವವರೂ ಇದ್ದಾರೆ. ಅಂಥ ಗೀಸರ್‌ನಲ್ಲಿ ಒತ್ತಡ ಏರಿದರೆ ಸೇಫ್ಟಿ ವಾಲ್ವನ್ನು ನೆಚ್ಚಬೇಕು, ಅದೂ ಉಪ್ಪು ಕಟ್ಟಿ ಕೂತಿರಬಹುದು.