ಬಾಗಿಲು ತಟ್ಟಿದ ರೈತ: ಒಂದು ವ್ಯಂಗ್ಯಚಿತ್ರದ ವಿವೇಚನೆ

ವ್ಯಂಗ್ಯಚಿತ್ರವು ನಾಲ್ಕಾರು ಗೆರೆಗಳಲ್ಲಿ ಒಂದು ಕಾಲದ ಮನಸ್ಸನ್ನು ಹಿಡಿದಿಡುವ ಕಲೆ. ನಗಿಸುವುದು ಅದರ ಹೊರಗಿನ ಕೆಲಸ. ಯಾರನ್ನು ನೋಡಿ ಯಾರು ನಗಬೇಕೆಂಬುದನ್ನು ಗೊತ್ತುಮಾಡುವುದು ಅದರ ಒಳಗಿನ ಕೆಲಸ. ಕಾವ್ಯ ಕಾದಂಬರಿಗಳನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ನಾವು ವ್ಯಂಗ್ಯಚಿತ್ರವನ್ನು ಮಾತ್ರ ಒಂದು ಕ್ಷಣ ನೋಡಿ, ನಕ್ಕು ಅಥವಾ ಮುನಿದು, ಪುಟ ತಿರುವಿಬಿಡುತ್ತೇವೆ. ಹಾಗೆ ನಾವು ಮುನಿದು ಮರೆತ ಒಂದು ಚಿತ್ರವನ್ನು ಮತ್ತೆ ತೆರೆದು ನೋಡುವುದು ಪ್ರಕೃತ ಲೇಖನದ ಉದ್ದೇಶ.

2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಮಂಗಳಯಾನ ನೌಕೆಯು 2014ರ ಸೆಪ್ಟೆಂಬರ್ 24ರಂದು ಮಂಗಳ ಗ್ರಹದ ಕಕ್ಷೆಯನ್ನು ಸೇರಿತು. ಸುಮಾರು 450 ಕೋಟಿ ರೂಪಾಯಿಗಳ ವೆಚ್ಚದಲ್ಲಿ, ಮೊದಲ ಯತ್ನದಲ್ಲಿಯೇ ಸಿದ್ಧಿಸಿದ ಈ ಕಾರ್ಯವನ್ನು ಬೆಂಗಳೂರಿನ ಇಸ್ರೋ ಕೇಂದ್ರದಿಂದ ನಿಯಂತ್ರಿಸಲಾಗಿತ್ತು. ಸೋವಿಯತ್ ಒಕ್ಕೂಟ, ಅಮೆರಿಕ ಮತ್ತು ಐರೋಪ್ಯ ಬಾಹ್ಯಾಕಾಶ ಸಂಸ್ಥೆಗಳ ತರುವಾಯ ಮಂಗಳವನ್ನು ಮುಟ್ಟಿದವರು ನಾವು. 2022ರಲ್ಲಿ ಸಂಪರ್ಕ ಕಡಿದುಹೋಗುವವರೆಗೂ ಆ ನೌಕೆ ಅಲ್ಲಿ ಸುತ್ತುತ್ತ ಕೆಲಸ ಮಾಡಿತು.

ನೌಕೆ ಕಕ್ಷೆಯನ್ನು ಸೇರಿದ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂತರರಾಷ್ಟ್ರೀಯ ಆವೃತ್ತಿಯು, ಭಾರತದ ಅಲ್ಪವೆಚ್ಚದ ಸಾಧನೆಯನ್ನು ಕುರಿತ ಲೇಖನದೊಡನೆ ಸಿಂಗಪುರದ ಹೆಂಗ್ ಕಿಮ್ ಸಾಂಗ್ ಅವರ ವ್ಯಂಗ್ಯಚಿತ್ರವೊಂದನ್ನು ಅಚ್ಚುಮಾಡಿತು. ಒಂದು ಕೋಣೆ, ಅದಕ್ಕೆ ‘ಗಣ್ಯರ ಬಾಹ್ಯಾಕಾಶ ಕೂಟ’ ಎಂಬರ್ಥದ ಹೆಸರು. ಒಳಗೆ ಸೂಟು ಧರಿಸಿದ ಇಬ್ಬರು ಭಾರತದ ಮಂಗಳಯಾನದ ಸುದ್ದಿಯುಳ್ಳ ಪತ್ರಿಕೆಯನ್ನು ಹಿಡಿದು ಕುಳಿತಿದ್ದಾರೆ. ಹೊರಗೆ ತಲೆಗೆ ರುಮಾಲು ಸುತ್ತಿದ ಒಬ್ಬ ರೈತ, ತನ್ನ ಆಕಳಿನೊಡನೆ ನಿಂತು, ಬಾಗಿಲು ತಟ್ಟುತ್ತಿದ್ದಾನೆ. ಇಷ್ಟೇ ಚಿತ್ರ. ಇದು ಜನಾಂಗಭೇದದ ಕುಚೋದ್ಯವೆಂದು ಓದುಗರು ಪ್ರತಿಭಟಿಸಿದರು. ಬಾಹ್ಯಾಕಾಶವು ಇನ್ನು ಶ್ರೀಮಂತ ಪಾಶ್ಚಾತ್ಯ ದೇಶಗಳ ಸ್ವತ್ತಲ್ಲವೆಂದು ತೋರಿಸುವುದೇ ಚಿತ್ರಕಾರರ ಆಶಯವಾಗಿತ್ತೆಂದು ವಿವರಿಸಿ, ಅಕ್ಟೋಬರ್ ತಿಂಗಳಲ್ಲಿ ಆ ಪತ್ರಿಕೆ ಕ್ಷಮೆ ಕೋರಿತು. ವಾದ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು.

ಆದರೆ ವಿಮರ್ಶೆಯ ಕೆಲಸ ಆರಂಭವಾಗುವುದು ಇಲ್ಲಿಂದ. ಸ್ಟುವರ್ಟ್ ಹಾಲ್ ಎಂಬ ಸಂಸ್ಕೃತಿ ಚಿಂತಕರು 1973ರಲ್ಲಿ ಮಂಡಿಸಿದ ವಿಚಾರವೊಂದು ನಮಗೆ ನೆರವಾಗುತ್ತದೆ. ರಚಿಸಿದವನು ಇಟ್ಟ ಅರ್ಥವನ್ನೇ ನೋಡುವವನು ತೆಗೆದುಕೊಳ್ಳಬೇಕೆಂಬ ನಿಯಮವಿಲ್ಲ. ಆತ ಅದನ್ನು ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ತಿದ್ದಬಹುದು, ಅಥವಾ ಪೂರ್ಣ ವಿರೋಧಿಸಿ ಬೇರೆಯದನ್ನೇ ಓದಬಹುದು. ಈ ಚಿತ್ರದ ವಿಷಯದಲ್ಲಿ ಪತ್ರಿಕೆಯದು ಒಂದು ಓದು, ಮುನಿದವರದು ಅದರ ವಿರೋಧದ ಓದು. ಆದರೂ ಸೂಕ್ಷ್ಮವಾಗಿ ನೋಡಿದರೆ ಎರಡೂ ಒಂದೇ ನೆಲದ ಮೇಲೆ ನಿಂತಿವೆ. ರೈತನೂ ಆಕಳೂ ಕೆಳಗಿನ ಸ್ಥಾನದ ಗುರುತುಗಳು ಎಂಬುದನ್ನು ಇಬ್ಬರೂ ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ‘ಇಂತಹವನೂ ಬಂದನಲ್ಲ’ ಎಂದು ಒಬ್ಬರು ಮೆಚ್ಚಿದರು. ‘ನಮ್ಮನ್ನು ಇಂತಹವನೆಂದು ಬರೆದರಲ್ಲ’ ಎಂದು ಇನ್ನೊಬ್ಬರು ನೊಂದರು.

ಕನಮಡಿಯಲ್ಲಿ ಈ ಚಿತ್ರವನ್ನು ನಾನು ಒಬ್ಬ ಹಿರಿಯ ರೈತರಿಗೆ ತೋರಿಸಿ ಅದರ ವಿವರವನ್ನು ಹೇಳಿದೆ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಈ ಊರಿನಲ್ಲಿ ಜೋಳದ ಹೊಲ, ಖಿಲಾರಿ ದನ ಎಂದರೆ ಬದುಕಿನ ಇನ್ನೊಂದು ಹೆಸರು. ಅವರು ಬಹಳ ಹೊತ್ತು ನೋಡಿ, “ಆಕಳಾ ಹಿಡಕೊಂಡು ನಿಂತದ್ದು ಅವಮಾನ ಹೆಂಗಾಗ್ತೈತ್ರಿ? ಅದಿರಲಿ, ಮುಗಿಲಿಗೆ ಬಾಗಿಲಾ ಹಚ್ಚಿದವ್ರು ಯಾರ್ರೀ?” ಎಂದು ಕೇಳಿದರು. ನಾನು ಓದಿದ ಎಷ್ಟೋ ಟೀಕೆಗಳಲ್ಲಿ ಕಾಣದ ಮೂರನೆಯ ಓದು ಈ ಮಾತಿನಲ್ಲಿತ್ತು. ಉಳಿದವರೆಲ್ಲರ ದೃಷ್ಟಿ ರೈತನ ಮೇಲೆ ನೆಟ್ಟಿದ್ದರೆ, ಅವರ ದೃಷ್ಟಿ ಬಾಗಿಲಿನ ಮೇಲೆ ಹೋಗಿತ್ತು.

ಆ ಬಾಗಿಲನ್ನೇ ನಾವು ಪರಿಶೀಲಿಸಬೇಕು. ಒಳಗಿನವರು ಕುಳಿತಿದ್ದಾರೆ, ಹೊರಗಿನವನು ನಿಂತಿದ್ದಾನೆ. ಒಳಗಿನವರು ಓದುತ್ತಿದ್ದಾರೆ, ಹೊರಗಿನವನು ಓದಿಗೆ ವಸ್ತುವಾಗಿದ್ದಾನೆ. ದೀಪೇಶ್ ಚಕ್ರಬರ್ತಿ ಎಂಬ ಇತಿಹಾಸಕಾರರು 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ವಸಾಹತು ದೇಶಗಳ ಜನರನ್ನು ಯುರೋಪು ಇತಿಹಾಸದ ಕಾಯುವ ಕೋಣೆಯಲ್ಲಿ ಕೂರಿಸಿತು, ‘ನೀವು ಇನ್ನೂ ಸಿದ್ಧರಾಗಿಲ್ಲ’ ಎಂದು ಹೇಳುತ್ತ ಬಂದಿತು ಎಂದು ವಿವರಿಸಿದ್ದಾರೆ. ನಮ್ಮ ಚಿತ್ರದಲ್ಲಿ ಆ ಕೋಣೆಗೆ ಬಾಗಿಲೂ ಬಂದಿದೆ. ಮಂಗಳವನ್ನು ಆಗಲೇ ಮುಟ್ಟಿದವನನ್ನು ಚಿತ್ರವು ಇನ್ನೂ ಅನುಮತಿ ಬೇಡುವವನನ್ನಾಗಿ ಬರೆದಿದೆ. ಜನಾಂಗಭೇದದ ಬೇರು ಇರುವುದು ಇಲ್ಲಿ, ರುಮಾಲಿನಲ್ಲಿ ಅಲ್ಲ.

ಚಿತ್ರಕಾರರು ಬಿಳಿಯರಲ್ಲ, ಏಷ್ಯಾದವರೇ. ಅವರಿಗೆ ದ್ವೇಷವಿತ್ತೆಂದು ಹೇಳಲು ಆಧಾರವೂ ಇಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿ. ಆದರೆ ಅಮೆರಿಕದಲ್ಲಿ ಡೆರಿಕ್ ಬೆಲ್ ಮೊದಲಾದ ಕರಿಯ ನ್ಯಾಯಶಾಸ್ತ್ರಜ್ಞರು ಬೆಳೆಸಿದ ಜನಾಂಗ ವಿಮರ್ಶೆಯ ಸಿದ್ಧಾಂತವು ಎತ್ತಿ ಹೇಳುವುದು ಈ ಸಂಗತಿಯನ್ನೇ: ಜನಾಂಗಭೇದವು ಕೆಲವು ಕೆಟ್ಟ ಮನಸ್ಸುಗಳ ರೋಗ ಮಾತ್ರವಲ್ಲ, ಎಲ್ಲರೂ ಸಹಜವೆಂದು ಬಳಸುವ ರೂಢಿಯ ವ್ಯಾಕರಣ. ಒಳ್ಳೆಯ ಮನಸ್ಸಿನವನೂ ಆ ವ್ಯಾಕರಣದಲ್ಲಿಯೇ ಮಾತನಾಡುತ್ತಾನೆ. ಹೊಗಳಲು ಹೊರಟ ಕುಂಚವೂ ಬಾಗಿಲನ್ನು ಬರೆದುಬಿಡುತ್ತದೆ.

ಈಗ ನಮ್ಮ ಮುನಿಸಿನ ಕಡೆಗೆ ತಿರುಗೋಣ. ಡ್ಯೂ ಬಾಯ್ಸ್ ಅವರು 1903ರಲ್ಲಿಯೇ ಕರಿಯ ಜನರ ‘ಇಮ್ಮಡಿ ಪ್ರಜ್ಞೆ’ಯನ್ನು ಗುರುತಿಸಿದರು: ತನ್ನನ್ನು ತಾನು ಸದಾ ಅನ್ಯರ ಕಣ್ಣಿನಿಂದ ನೋಡಿಕೊಳ್ಳುವ, ಅನ್ಯರ ಕೋಲಿನಿಂದ ಅಳೆದುಕೊಳ್ಳುವ ಸಂಕಟ. ಚಿತ್ರವನ್ನು ಕಂಡು ನೊಂದ ನಗರದ ವಿದ್ಯಾವಂತ ಭಾರತೀಯನಲ್ಲಿ ಈ ಸಂಕಟವೇ ಇದೆ. ಪರರು ತನ್ನನ್ನು ರೈತನೆಂದು ತಿಳಿದಾರೆಂಬುದು ಅವನ ಭಯ. ಹಾಗಿದ್ದರೆ ಅವನು ಹೋರಾಡಿದ್ದು ರೈತನ ಪರವಾಗಿಯೋ, ತಾನು ರೈತನಲ್ಲವೆಂಬ ಪ್ರಮಾಣಪತ್ರಕ್ಕಾಗಿಯೋ?

ಹೋಲಿಕೆಗಾಗಿ ಇನ್ನೊಂದು ಚಿತ್ರವನ್ನು ನೆನೆಯಬಹುದು. 1981ರ ಜೂನ್ 19ರಂದು ಗಗನಕ್ಕೇರಿದ ‘ಆಪಲ್’ ಉಪಗ್ರಹವನ್ನು ಅದಕ್ಕೆ ಮುನ್ನ ಬಯಲಿನಲ್ಲಿ ಎತ್ತಿನ ಬಂಡಿಯ ಮೇಲಿಟ್ಟು ಪರೀಕ್ಷಿಸಿದ ಛಾಯಾಚಿತ್ರ ಪ್ರಸಿದ್ಧವಾಗಿದೆ. ಲೋಹದ ವಾಹನವು ಸಂಕೇತಗಳ ಪರೀಕ್ಷೆಗೆ ಅಡ್ಡಿಯಾಗುವುದರಿಂದ ಮರದ ಬಂಡಿಯನ್ನು ತರಿಸಲಾಯಿತು. ಅಂದರೆ ಬಂಡಿ ಅಲ್ಲಿ ಬಡತನದ ಗುರುತಾಗಿ ಬಂದಿಲ್ಲ. ವಿಜ್ಞಾನಿಯ ಯುಕ್ತಿಯಾಗಿ ಬಂದಿದೆ. ಎತ್ತು ಮತ್ತು ಉಪಗ್ರಹ ಒಂದೇ ಕೆಲಸದಲ್ಲಿ ಜೊತೆಗೂಡಿವೆ, ನಡುವೆ ಬಾಗಿಲಿಲ್ಲ. ವ್ಯಂಗ್ಯಚಿತ್ರದ ರೈತನ ಬಳಿಯಲ್ಲಾದರೋ ನೇಗಿಲಿಲ್ಲ, ನೊಗವಿಲ್ಲ. ಅವನ ದುಡಿಮೆಯನ್ನು ತೆಗೆದುಹಾಕಿ, ಪಶ್ಚಿಮದ ಕಣ್ಣಿಗೆ ಪರಿಚಿತವಾದ ‘ಭಾರತದ ಆಕಳು’ ಎಂಬ ಮುದ್ರೆಯನ್ನಷ್ಟೇ ಉಳಿಸಲಾಗಿದೆ. ಕಾಯಕವನ್ನು ಕಳೆದು ವೇಷವನ್ನು ಉಳಿಸುವುದೇ ಅಪಮಾನದ ನಿಜವಾದ ವಿಧಾನ.

ಮಂಗಳಯಾನ ಸಿದ್ಧಿಸಿದ ದಿನ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸೀರೆಯುಟ್ಟು ಹೂ ಮುಡಿದ ಮಹಿಳೆಯರು ಹರ್ಷಿಸಿದ ಛಾಯಾಚಿತ್ರವೂ ಲೋಕವನ್ನೆಲ್ಲ ಸುತ್ತಿತು. ವ್ಯಂಗ್ಯಚಿತ್ರದ ಒಳಗೂ ಹೊರಗೂ ಇರುವವರು ಗಂಡಸರೇ. ಜನಾಂಗ, ಲಿಂಗ ಮೊದಲಾದ ಭೇದಗಳು ಒಂದನ್ನೊಂದು ಹಾದುಹೋಗುವ ಕೂಡುದಾರಿಯಲ್ಲಿ ನಿಂತವರು ಎಲ್ಲರ ಲೆಕ್ಕದಿಂದಲೂ ತಪ್ಪಿಹೋಗುತ್ತಾರೆಂದು ಕಿಂಬರ್ಲಿ ಕ್ರೆನ್ಶಾ 1989ರಲ್ಲಿ ತೋರಿಸಿಕೊಟ್ಟರು. ಬಾಗಿಲು ತಟ್ಟುವ ಚಿತ್ರದಲ್ಲಿಯೂ ಸ್ತ್ರೀಗೆ ಎಡೆಯಿಲ್ಲದಿರುವುದು ಇದಕ್ಕೆ ನಿದರ್ಶನ.

2017ರ ಫೆಬ್ರವರಿ 15ರಂದು ಇಸ್ರೋ ಒಂದೇ ಉಡಾವಣೆಯಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು; ಅವುಗಳಲ್ಲಿ 96 ಅಮೆರಿಕದವು. ಆಗ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಸಂದೀಪ್ ಅಧ್ವರ್ಯು ಉತ್ತರರೂಪದ ಚಿತ್ರವನ್ನು ಬರೆದರು: ಈ ಬಾರಿ ಆಕಳೊಡನೆ ರೈತ ಕೂಟದ ಒಳಗೆ, ಬಾಗಿಲು ತಟ್ಟುವ ಸರದಿ ಪಶ್ಚಿಮದವರದು. ದೇಶ ಮನಸಾರೆ ನಕ್ಕಿತು, ನಾನೂ ನಕ್ಕೆ. ರೈತನನ್ನು ಮರೆಮಾಡದೆ ಒಳಗೆ ಕೂರಿಸಿದ್ದು ಆ ಚಿತ್ರದ ಹಿರಿಮೆ. ಆದರೆ ಬಾಗಿಲು ಇದ್ದಲ್ಲಿಯೇ ಇದೆ ಎಂಬುದು ಅದರ ಮಿತಿ. ಸ್ಥಾನ ಅದಲುಬದಲಾಯಿತೇ ಹೊರತು ಸ್ಥಾನಭೇದ ಅಳಿಯಲಿಲ್ಲ.

ಶರಣಧರ್ಮದ ಓದುಗರಾದ ನಮಗೆ ಈ ಬಾಗಿಲು ಅಪರಿಚಿತವಲ್ಲ. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಹೆಸರೇ ವೃಷಭವಾಚಿ. ಉಳುವ ಪಶುವಿನ ಹೆಸರನ್ನು ಹೊತ್ತವರು ನಮ್ಮ ಧರ್ಮದ ಹಿರಿಯರು. ಒಕ್ಕಲಿಗ ಮುದ್ದಣ್ಣ ಹೊಲದ ಕಾಯಕದಿಂದಲೇ ವಚನಕಾರನಾದನು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಇವರೆಲ್ಲ ಕಲ್ಯಾಣದಲ್ಲಿ ಅನುಮತಿ ಪಡೆದು ಒಳಬಂದ ಅತಿಥಿಗಳಲ್ಲ, ಆ ಮನೆಯವರೇ. ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕೆ ತೆತ್ತ ಬೆಲೆಯನ್ನು ನಾವು ಬಲ್ಲೆವು. ಬಾಗಿಲನ್ನೇ ಕಿತ್ತುಹಾಕಲು ಹೊರಟ ಆ ಪರಂಪರೆಯವರು ಇಂದು ನಮ್ಮ ಕೇರಿಗಳಲ್ಲಿ, ಪಂಕ್ತಿಗಳಲ್ಲಿ, ಮದುವೆಯ ಮಾತುಕತೆಗಳಲ್ಲಿ ಎಷ್ಟು ಬಾಗಿಲುಗಳನ್ನು ಮತ್ತೆ ಹಚ್ಚಿಕೊಂಡಿದ್ದೇವೆ?

ಜನಾಂಗವೂ ಜಾತಿಯೂ ಒಂದೇ ಅಲ್ಲ. ಜಾತಿಗೆ ಜನಾಂಗಮೂಲವನ್ನು ಕಲ್ಪಿಸುವ ವಾದವನ್ನು ಅಂಬೇಡ್ಕರ್ ಅವರು 1936ರಲ್ಲಿಯೇ ತಳ್ಳಿಹಾಕಿದ್ದರು. ಆದರೂ 1946ರಲ್ಲಿ ಅವರು ಡ್ಯೂ ಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕರಿಯರ ಮತ್ತು ಇಲ್ಲಿನ ಅಸ್ಪೃಶ್ಯರ ಸ್ಥಿತಿಯ ಸಾಮ್ಯವನ್ನು ಎತ್ತಿ ತೋರಿದರು. ಮೂಲ ಬೇರೆಯಾದರೂ ನೋವು ಪರಸ್ಪರ ಅರ್ಥವಾಗುತ್ತದೆ ಎಂಬ ವಿವೇಕ ಅದು. 2001ರ ಡರ್ಬನ್ ಸಮ್ಮೇಳನದಲ್ಲಾದರೋ ಜಾತಿಯನ್ನು ಜನಾಂಗಭೇದದ ಚರ್ಚೆಗೆ ಸೇರಿಸಬಾರದೆಂದು ಭಾರತ ಸರ್ಕಾರ ವಾದಿಸಿತು. ಹೊರಗಿನವರು ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದಾಗ ಜನಾಂಗಭೇದವೆನ್ನುವ ನಾವು, ನಾವೇ ಒಬ್ಬನನ್ನು ಬಾಗಿಲಲ್ಲಿ ನಿಲ್ಲಿಸಿದಾಗ ಅದು ಮನೆಯ ವಿಷಯವೆನ್ನುತ್ತೇವೆ.

ಆದುದರಿಂದ ಆ ವ್ಯಂಗ್ಯಚಿತ್ರಕ್ಕೆ ಕ್ಷಮೆ ಕೇಳಿಸಿಕೊಂಡದ್ದು ಸಾಲದು. ಅದನ್ನು ಕನ್ನಡಿಯಾಗಿ ಹಿಡಿದುಕೊಳ್ಳುವ ಧೈರ್ಯವೂ ಬೇಕು. ಆ ರೈತನನ್ನು ಕಂಡು ನಾಚಿದವರು ಅವನನ್ನು ಅಳಿಸಲು ಬಯಸಿದರು. ಅವನ ಪಕ್ಕದಲ್ಲಿ ನಿಂತವರಿಗೆ ಬಾಗಿಲು ಕಾಣಿಸಿತು. ಮುಗಿಲಿಗೆ ಬಾಗಿಲು ಹಚ್ಚಿದವರು ಯಾರೆಂದು ಕೇಳುವ ಹಕ್ಕು ನಮಗುಂಟು. ನೆಲದ ಮೇಲೆ ನಾವು ಹಚ್ಚಿದ ಬಾಗಿಲುಗಳನ್ನು ತೆಗೆದ ದಿನ ಆ ಪ್ರಶ್ನೆಗೆ ನಮ್ಮ ಬಾಯಲ್ಲಿ ಬಲ ಬಂದೀತು.