ಮರಳಿದ ದೇಹ, ಮರಳದ ಮಾತು: ವಿಭಜನೆಯ ಕಥನಗಳಲ್ಲಿ ಸ್ತ್ರೀಯರ ಮರುಬದುಕು

1947ರ ದೇಶವಿಭಜನೆಯಲ್ಲಿ ಅಪಹರಣಕ್ಕೊಳಗಾದ ಸ್ತ್ರೀಯರನ್ನು ಮೂಲ ಕುಟುಂಬಗಳಿಗೆ ಮರಳಿಸುವ ಒಪ್ಪಂದವನ್ನು ಭಾರತ ಮತ್ತು ಪಾಕಿಸ್ತಾನಗಳು ಅದೇ ವರ್ಷದ ಡಿಸೆಂಬರಿನಲ್ಲಿ ಮಾಡಿಕೊಂಡವು. ಭಾರತದಲ್ಲಿ 1949ರಲ್ಲಿ ಅದಕ್ಕೆ ಕಾಯಿದೆಯ ರೂಪ ದೊರೆಯಿತು. 16 ವರ್ಷದೊಳಗಿನ ಗಂಡುಮಕ್ಕಳನ್ನೂ ಎಲ್ಲ ವಯಸ್ಸಿನ ಸ್ತ್ರೀಯರನ್ನೂ ಈ ಕಾಯಿದೆ ಒಂದೇ ವ್ಯಾಖ್ಯೆಯೊಳಗೆ ತಂದಿತು. ವಯಸ್ಕ ಸ್ತ್ರೀಯ ಇಚ್ಛೆಗೆ ಅಲ್ಲಿ ನಿರ್ಣಾಯಕ ಸ್ಥಾನವಿರಲಿಲ್ಲ. ಮನೆಗೆ ಮರಳಿದ ಮಾತ್ರಕ್ಕೆ ಬದುಕು ಮರಳಿತೇ ಎಂಬ, ಕಾಯಿದೆ ಕೇಳದ ಪ್ರಶ್ನೆಯನ್ನು ಸಾಹಿತ್ಯ ಕೇಳಿತು.

ರಾಜಿಂದರ್ ಸಿಂಗ್ ಬೇಡಿಯವರ ಉರ್ದು ಕತೆ ‘ಲಾಜವಂತಿ’ಯ ಸುಂದರ್‌ಲಾಲ್, ಮರಳಿ ಬಂದ ಸ್ತ್ರೀಯರನ್ನು ಸ್ವೀಕರಿಸಿರೆಂದು ಬೀದಿಬೀದಿಯಲ್ಲಿ ಸಾರುವವನು. ತನ್ನ ಹೆಂಡತಿಯನ್ನೂ ಆತ ಸ್ವೀಕರಿಸುತ್ತಾನೆ. ಹಿಂದೆ ಹೊಡೆಯುತ್ತಿದ್ದವನು ಈಗ ‘ದೇವಿ’ ಎಂದು ಕರೆಯುತ್ತಾನೆ. ಆದರೆ ಆಕೆ ತನಗೊದಗಿದುದನ್ನು ಹೇಳಹೊರಟಾಗ ಕೇಳಲೊಲ್ಲ. ಪೂಜ್ಯಸ್ಥಾನವೇ ಆಕೆಯ ಬಾಯಿಕಟ್ಟುತ್ತದೆ. ಆಕೆಗೆ ಮನೆ ದೊರೆಯಿತು, ದಾಂಪತ್ಯ ದೊರೆಯಲಿಲ್ಲ.

ಪಂಜಾಬಿನ ಈ ಅನುಭವಕ್ಕೆ ಬಂಗಾಳದಲ್ಲಿ ಬೇರೊಂದು ಮುಖವಿದೆ. ಜ್ಯೋತಿರ್ಮಯಿ ದೇವಿಯವರ ‘ಏಪಾರ್ ಗಂಗಾ ಓಪಾರ್ ಗಂಗಾ’ ಕಾದಂಬರಿಯ ಬಾಲಕಿ ಸುತಾರಾ 1946ರ ನೌಖಾಲಿ ಗಲಭೆಯಲ್ಲಿ ಅನಾಥಳಾಗುತ್ತಾಳೆ. ಆಕೆಯನ್ನು ಉಳಿಸಿದವರು ನೆರೆಯ ಮುಸ್ಲಿಂ ಕುಟುಂಬದವರು. ಮೈಲಿಗೆಯೆಂದು ದೂರವಿಟ್ಟವರು ಕಲ್ಕತ್ತೆಯ ಸ್ವಂತ ಬಂಧುಗಳು. ವಸತಿಶಾಲೆ, ವಿದ್ಯೆ, ದೆಹಲಿಯಲ್ಲಿ ಇತಿಹಾಸದ ಅಧ್ಯಾಪಕವೃತ್ತಿ ಇವುಗಳ ಮೂಲಕ ಆಕೆ ತನ್ನ ನೆಲೆಯನ್ನು ಕಂಡುಕೊಳ್ಳುತ್ತಾಳೆ. ಈ ಕೃತಿ ಮೊದಲು ಪತ್ರಿಕೆಯಲ್ಲಿ ‘ಇತಿಹಾಸದಲ್ಲಿ ಸ್ತ್ರೀಪರ್ವ’ ಎಂಬರ್ಥದ ಹೆಸರಿನಲ್ಲಿ ಪ್ರಕಟವಾದುದು ಗಮನಾರ್ಹ. ಇತಿಹಾಸವನ್ನು ಬೋಧಿಸುವವಳ ಸ್ವಂತ ಕತೆಗೆ ಇತಿಹಾಸದಲ್ಲಿ ಎಡೆಯಿಲ್ಲ.

ಅಮೃತಾ ಪ್ರೀತಮ್ ಅವರ ಪಂಜಾಬಿ ಕಾದಂಬರಿ ‘ಪಿಂಜರ್’ (1950) ಇನ್ನೂ ಜಟಿಲವಾದುದು. ವಿಭಜನೆಗೆ ಮುನ್ನವೇ ರಶೀದನಿಂದ ಅಪಹೃತಳಾದ ಪೂರೊ ತಪ್ಪಿಸಿಕೊಂಡು ಬಂದರೂ ಹೆತ್ತವರು ಬಾಗಿಲು ತೆರೆಯುವುದಿಲ್ಲ. ಆಕೆ ಹಮೀದಾ ಆಗುತ್ತಾಳೆ, ತಾಯಿಯಾಗುತ್ತಾಳೆ. 1947ರಲ್ಲಿ ಅಪಹೃತಳಾದ ತನ್ನ ಸಹೋದರನ ಹೆಂಡತಿ ಲಾಜೋಳನ್ನು ಬಿಡಿಸಿ ತರುತ್ತಾಳೆ. ಅಂದು ಪೂರೊಳನ್ನು ನಿರಾಕರಿಸಿದ ಮನೆತನವೇ ಇಂದು ಲಾಜೋಳನ್ನು ಸ್ವೀಕರಿಸುತ್ತದೆ. ಬಾಗಿಲು ತೆರೆದದ್ದು ಕಾಲದ ಒತ್ತಡದಿಂದ. ಸಹೋದರ ಕರೆದಾಗ ಪೂರೊ ಹೋಗುವುದಿಲ್ಲ. ತನ್ನ ಬದುಕಿನ ಬಗ್ಗೆ ಆಕೆಯನ್ನೇ ಕೇಳಿದ್ದು ಅದೇ ಮೊದಲು. ಆ ನಿರಾಕರಣೆ ಆಕೆಯದೇ ತೀರ್ಮಾನ.

ಈ ತೀರ್ಮಾನವನ್ನು ಕ್ಷಮೆಯೆಂದೋ ತ್ಯಾಗವೆಂದೋ ಕೊಂಡಾಡುವ ಓದು ಅಪಾಯಕರ. ಮೊದಲ ಅಪರಾಧವನ್ನು ಅದು ಮರೆಸುತ್ತದೆ. ಆಯ್ಕೆಗಳೇ ವಿರಳವಾಗಿದ್ದ ಹೆಣ್ಣನ್ನು ಆದರ್ಶದ ಪೀಠಕ್ಕೇರಿಸುತ್ತದೆ. ಅದು ಸುಂದರ್‌ಲಾಲನು ಆಡಿದ ‘ದೇವಿ’ ಪದವನ್ನೇ ವಿಮರ್ಶೆಯ ಭಾಷೆಯಲ್ಲಿ ಮತ್ತೆ ಉಚ್ಚರಿಸಿದಂತೆ. ಮೂರೂ ಕೃತಿಗಳು ಬಯಸುವುದು ಆರಾಧನೆಯನ್ನಲ್ಲ: ಲಾಜವಂತಿಗೆ ಕೇಳುವ ಕಿವಿ, ಸುತಾರಾಳಿಗೆ ಪಂಕ್ತಿಯಲ್ಲಿ ಸಮಾನ ಸ್ಥಾನ, ಪೂರೊಳಿಗೆ ತೀರ್ಮಾನದ ಹಕ್ಕು. ಪುನರ್ವಸತಿ ಎಂಬ ಪದದ ಅರ್ಥವನ್ನು ಈ ಮೂರರಿಂದ ಅಳೆಯಬೇಕಾಗಿದೆ.