ಕಿರುಹರಳು ನೋಡುವವರಿಗೊಂದು ಕೈಪಿಡಿ

ಖನಿಜ ಪ್ರದರ್ಶನಕ್ಕೆ ಹೋದವರು ಮುತ್ತಿಕೊಳ್ಳುವುದು ಗೇಣುದ್ದದ ಹರಳುಗಳನ್ನು. ಹತ್ತಿರ ಹೋಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವುಗಳ ತುದಿ ಮುಕ್ಕಾಗಿರುತ್ತದೆ, ಅಂಚು ತರಚಿರುತ್ತದೆ, ಒಂದು ಇನ್ನೊಂದನ್ನು ಒತ್ತಿಕೊಂಡು ಬೆಳೆದಿರುತ್ತದೆ. ಒಂದೆರಡು ಮಿಲಿಮೀಟರಿನ ಹರಳಿಗೆ ಬಂಡೆಯ ಪೊಟರೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ಅದರ ಮುಖಗಳು ಪೂರ್ತಿ ಮೂಡಿರುತ್ತವೆ, ಏಟು ಬೀಳುವ ಸಂಭವವೂ ಕಡಿಮೆ. ಈವರೆಗೆ ಗುರುತಿಸಿರುವ ಸುಮಾರು 6,000 ಖನಿಜಗಳಲ್ಲಿ ಬಹಳಷ್ಟು ಈ ಅಳತೆ ಮೀರಿ ಬೆಳೆಯುವುದೇ ಇಲ್ಲ.

ಅಂಥ ತುಣುಕನ್ನು ಡಬ್ಬಿಯಲ್ಲಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹವ್ಯಾಸವೇ ಮೈಕ್ರೊಮೌಂಟಿಂಗ್. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರೇಕ್‌ಸ್ಟ್ರಾ, ಫಿಸ್ ಮೊದಲಾದ ಹವ್ಯಾಸಿಗಳು ಇದಕ್ಕೊಂದು ಶಿಸ್ತು ತಂದರು.

ಕೂರಿಸಿದ ಬಗೆ

ಡಬ್ಬಿ ಸುಮಾರು ಒಂದಿಂಚು ಅಗಲ, ಒಳಗೆಲ್ಲ ಹೊಳಪಿಲ್ಲದ ಕಪ್ಪು. ಬೇರೆಡೆಯಿಂದ ಬೆಳಕು ಹೊಮ್ಮಿ ಕಣ್ಣು ಸೆಳೆಯಬಾರದೆಂದು ಈ ಕಪ್ಪು. ಬಿರಡೆಯ ಚೂರು ಅಥವಾ ಹಗುರ ಮರದ ಕಡ್ಡಿಯನ್ನು ಕಪ್ಪು ಮಾಡಿ ಪೀಠವಾಗಿ ನಿಲ್ಲಿಸುತ್ತಾರೆ. ಪೀಠವು ತುಣುಕಿಗಿಂತ ಕಿರಿದಾಗಿದ್ದು, ಮೇಲಿನಿಂದ ನೋಡಿದಾಗ ಮರೆಯಾಗಬೇಕು. ಅಂಟು ಎಲ್ಲೂ ಮಿನುಗಬಾರದು. ಫೆವಿಕಾಲ್‌ನಂಥ ಬಿಳಿ ಅಂಟಾದರೆ ನೆನೆಸಿ ಬಿಡಿಸಿ ಕೋನ ಬದಲಿಸಬಹುದು.

ಕೈಚಳಕ ತಿಳಿಯುವುದು ಆ ಕೋನದಲ್ಲಿ. ಹರಳಿನ ಯಾವ ಮುಖ ಮೇಲೆ ಬಂದರೆ ಅದರ ಆಕಾರ ಒಂದೇ ನೋಟಕ್ಕೆ ಅರ್ಥವಾಗುತ್ತದೆ ಎಂಬುದನ್ನು ಕೂರಿಸುವವರು ಮೊದಲೇ ನಿರ್ಧರಿಸಿರುತ್ತಾರೆ. ಪೀಠವೋ ಅಂಟೋ ಮೊದಲು ಕಣ್ಣಿಗೆ ಬಿದ್ದರೆ ಆ ಕೆಲಸ ಕಚ್ಚಾ ಎಂದೇ ಲೆಕ್ಕ.

ನೋಡುವ ಬಗೆ

ಕಾಲೇಜಿನ ಲ್ಯಾಬಿನಲ್ಲಿ ಸ್ಲೈಡ್ ನೋಡುವ ಸೂಕ್ಷ್ಮದರ್ಶಕ ಇಲ್ಲಿಗೆ ಒದಗುವುದಿಲ್ಲ. ಎರಡೂ ಕಣ್ಣಿಗೆ ಬೇರೆ ಬೇರೆ ನೋಟ ಕೊಟ್ಟು ಆಳ ತೋರಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ ಬೇಕು. 10ರಿಂದ 40 ಪಟ್ಟು ಹಿಗ್ಗಿಸಿದರೆ ಸಾಕು. ಹೊಸಬರು ನೇರವಾಗಿ 40ಕ್ಕೆ ಜಿಗಿಯುತ್ತಾರೆ. ಆಗ ನೋಟದ ವಿಸ್ತಾರ ಕುಗ್ಗುತ್ತದೆ, ಮುಂದಿನದು ಸ್ಪಷ್ಟವಾದರೆ ಹಿಂದಿನದು ಮಬ್ಬಾಗುತ್ತದೆ. 10ರಲ್ಲಿ ಇಡೀ ಪೊಟರೆಯನ್ನು ಸುತ್ತಿ ಬನ್ನಿ, ಬೇಕಾದ ಹರಳು ಸಿಕ್ಕಮೇಲೆ ಏರಿಸಿ. ದೀಪವನ್ನು ಪಕ್ಕದಿಂದ, ಓರೆಯಾಗಿ ಬೀಳಿಸಿ ಡಬ್ಬಿಯನ್ನು ನಿಧಾನ ತಿರುಗಿಸಿ. ಒಂದೊಂದೇ ಮುಖ ಝಗ್ಗೆಂದು ಹೊಳೆದು ಆರುತ್ತದೆ, ಸಪಾಟೆಂದುಕೊಂಡ ಕಡೆ ಗೆರೆಗಳು ಏಳುತ್ತವೆ. ಪೈರೈಟಿನ ಘನದಲ್ಲಿ ಒಂದು ಮುಖದ ಗೆರೆ ಪಕ್ಕದ ಮುಖದ ಗೆರೆಗೆ ಅಡ್ಡವಾಗಿ ಓಡುವುದು ಹೀಗೆಯೇ ಕಾಣಸಿಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ?

ಪುಣೆ ಬಳಿಯ ವಾಘೋಲಿಯ ಕಲ್ಲು ಕ್ವಾರಿಗಳು ಜಗತ್ತಿನ ಸಂಗ್ರಾಹಕರಿಗೆಲ್ಲ ಗೊತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಡೆಕ್ಕನ್ ಟ್ರ್ಯಾಪ್ ಲಾವಾದಲ್ಲಿ ಅನಿಲ ಬಿಟ್ಟುಹೋದ ಗುಳ್ಳೆಗಳಿವೆ. ಬಿಸಿನೀರು ಅವುಗಳೊಳಗೆ ಹರಳುಗಳನ್ನು ಬೆಳೆಸಿತು. ಅಲ್ಲಿನ ಸ್ಟಿಲ್ಬೈಟನ್ನು ನೋಡಿ: ನಡು ಬಿಗಿದು ಎರಡೂ ತುದಿ ಹರಡಿಕೊಂಡು, ಭತ್ತದ ಸಿವುಡಿನಂತೆ ನಿಂತಿರುತ್ತದೆ. ಅದರ ಮೇಲೆ ಕವಾನ್‌ಸೈಟಿನ ಗಾಢ ನೀಲಿ ಗೊಂಚಲು ಕೂತಿದ್ದರೆ, ನೀಲಿಯದು ಆಮೇಲೆ ಬಂದದ್ದು. ಯಾವುದರ ಮೇಲೆ ಯಾವುದು ಎಂದು ಕೇಳಿಕೊಳ್ಳುತ್ತ ಹೋದರೆ ಬಂಡೆಯ ಇತಿಹಾಸ ತಾನಾಗಿ ಜೋಡಿಸಿಕೊಳ್ಳುತ್ತದೆ. ಈ ಕಾರಣಕ್ಕೇ ಹರಳನ್ನು ಆಧಾರಕಲ್ಲಿನಿಂದ ಕಿತ್ತು ಒಂಟಿಯಾಗಿ ಕೂರಿಸುವುದಕ್ಕಿಂತ ಕಲ್ಲಿನ ಚೂರಿನೊಂದಿಗೇ ಕೂರಿಸುವುದು ಮೇಲು.

ವಾಘೋಲಿಯಲ್ಲೇ ಪೆಂಟಗೊನೈಟ್ ಕೂಡ ಸಿಕ್ಕಿದೆ. ಅದರ ರಾಸಾಯನಿಕ ಸೂತ್ರ ಕವಾನ್‌ಸೈಟಿನದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ತುದಿಯ ಕಡೆಯಿಂದ ನೋಡಿದರೆ ಕೆಲವು ಐದು ಮೂಲೆಯ ನಕ್ಷತ್ರಗಳಾಗಿ ಕಾಣುತ್ತವೆ. ಒಂಟಿ ಹರಳಿಗೆ ಐದುಮಡಿ ಸಮ್ಮಿತಿ ಸಾಧ್ಯವಿಲ್ಲ. ಅವಳಿಗಳಾಗಿ ಕೂಡಿ ಬೆಳೆದ ಐದು ಹರಳುಗಳು ಆ ನಕ್ಷತ್ರವನ್ನು ಕಟ್ಟಿವೆ. ಕೂರಿಸಿದವರು ಅದನ್ನು ಅಡ್ಡ ಮಲಗಿಸಿದ್ದರೆ ನಿಮಗೆ ಕಾಣುವುದು ಬರೀ ನೀಲಿ ಕಡ್ಡಿ.

ಇದೇ ಲಾವಾಹಾಸು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಹಬ್ಬಿದೆ. ಆ ಕಡೆಯವರು ಕ್ವಾರಿಯವರ ಒಪ್ಪಿಗೆ ಪಡೆದು, ಒಡೆದ ಕರಿಕಲ್ಲಿನ ಬಿಳಿ ಪೊಟರೆಗಳಿಗೆ ಹತ್ತು ಪಟ್ಟಿನ ಮಸೂರ ಹಿಡಿದು ನೋಡಲಿ. ಶುರುಮಾಡಲು ಅಷ್ಟೇ ಖರ್ಚು. ಕೂದಲೆಳೆಯಂಥ ಮೆಸೊಲೈಟ್ ಸೂಜಿಗಳು ಕಂಡರೆ ಬೆರಳು ತಾಗಿಸಬೇಡಿ, ಜೋರಾಗಿ ಊದಲೂಬೇಡಿ.

ಕಡೆಯದಾಗಿ ಡಬ್ಬಿಯ ಚೀಟಿ ಓದಿ. ಖನಿಜದ ಹೆಸರು ತಪ್ಪಿದ್ದರೆ ಪರೀಕ್ಷಿಸಿ ತಿದ್ದಬಹುದು. ಸಿಕ್ಕ ಊರು ಒಮ್ಮೆ ಕಳೆದುಹೋದರೆ ಮತ್ತೆ ಖಚಿತವಾಗಿ ಹೇಳುವುದು ಬಲು ಕಷ್ಟ. ಊರಿನ ಹೆಸರಿಲ್ಲದ ಹರಳನ್ನು, ಎಷ್ಟೇ ಚೆಲುವಾಗಿದ್ದರೂ, ದುಡ್ಡು ಕೊಟ್ಟು ಕೊಳ್ಳಬೇಡಿ.